ಎಡಗಡೆಗೆ ಎರಡು ರಬ್ಬರು

ಅಲ್ಲಾಡಿತು, ಹೌದು, ಕಣ್ಣಾರೆ ಕಂಡಳು ಅಜ್ಜಿ, ಡಾಕ್ಟರಮ್ಮ ಪುಟ್ಟ ಕನ್ನಡಿಯ ಹಿಡಿಯಿಂದ ಮೆಲ್ಲಗೆ ಒತ್ತಿದ್ದಷ್ಟೇ, ಮೊಮ್ಮಗಳ ಎಡಗಡೆಯ ಕೋರೆಹಲ್ಲು ದಾರ ಸಡಿಲಾದ ಗುಂಡಿಯ ಹಾಗೆ ಅತ್ತ ಹೋಗಿ ಇತ್ತ ಬಂತು, ಸ್ಟೂಲಿನ ಮೇಲೆ ಕೂತವಳು ಮುಂದಕ್ಕೆ ಬಾಗಿದಳು — ಹಾಲುಹಲ್ಲಾಗಿದ್ದರೆ ಬಿದ್ದರೆ ಬೀಳಲಿ ಅನ್ನಬಹುದಿತ್ತು, ಇದು ಬಿದ್ದರೆ ಮತ್ತೆ ಬರುವುದಲ್ಲ, ಈ ದೀಪಕ್ಕೆ ಇಷ್ಟೊಂದು ಬೆಳಕೇಕೆ, ಮಗುವಿನ ಗಂಟಲಿನವರೆಗೂ ಕಾಣುತ್ತದೆ, ಹಲ್ಲಿನ ಮೇಲೆ ಹಾಸಿದ ತಂತಿ, ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆಹಲ್ಲಿನ ಕೊಕ್ಕೆಗೆ ಎಳೆದು ಸಿಕ್ಕಿಸಿದ ರಬ್ಬರು, ಬಲಗಡೆ ಒಂದು, ಎಡಗಡೆ — ಅಯ್ಯೋ ನನ್ನ ಕೈಯೇ, ಎಡಗಡೆ ಎರಡು.

ಮೊದಲ ದಿನ ಹುಡುಗಿ ಅಳುಮುಖ ಮಾಡಿಕೊಂಡು ಹೊಲಿಗೆ ಮಿಷಿನ್ನಿನ ಪಕ್ಕ ಬಂದು ನಿಂತಿದ್ದಳು, ಅಜ್ಜಿ, ಹಿಂದಿನ ಕೊಕ್ಕೆ ಸಿಗ್ತಾನೇ ಇಲ್ಲ, ರಬ್ಬರ್ ಹಾರಿ ಹಾರಿ ಹೋಗತ್ತೆ, ಮೊಲದ ಚಿತ್ರದ ಪೊಟ್ಟಣದಿಂದ ಒಂದನ್ನು ತೆಗೆದು ಕನ್ನಡಕದ ಹತ್ತಿರ ಹಿಡಿದು, ಇದೇನೇ ಇದು, ಸೊಳ್ಳೆಗೆ ಮಾಡಿಸಿದ ಬಳೆಯಾ ಅಂದದ್ದಕ್ಕೆ ಆ ಅಳುವಿನಲ್ಲೇ ನಗು ಬಂದುಬಿಟ್ಟಿತ್ತು ಅದಕ್ಕೆ, ಬಾ ಇಲ್ಲಿ, ಜೀವಮಾನವೆಲ್ಲ ಸೂಜಿಕಣ್ಣಿಗೆ ದಾರ ಪೋಣಿಸಿದೋಳಿಗೆ ಇದೇನು ಮಹಾ, ಅಂದಿನಿಂದ ಪ್ರತಿ ಊಟ ಆದಮೇಲೂ ಬಾಯಿ ಮುಕ್ಕಳಿಸಿ ಬಂದು ಮುಂದೆ ಕೂರುವುದು, ಬಾಯಿ ಬಿಡುವುದು, ಕಣ್ಣು ಮುಚ್ಚುವುದು, ಬಾಯಿ ಬಿಡು ಅಂದರೆ ಕಣ್ಯಾಕೆ ಮುಚ್ತೀಯೇ, ಗೊತ್ತಿಲ್ಲಜ್ಜಿ ಅದೇ ಮುಚ್ಕೊಳ್ಳತ್ತೆ — ಡಾಕ್ಟರಮ್ಮ ಆ ಪೊಟ್ಟಣ ಕೊಟ್ಟಾಗಲೇ ಬಿಡಿಸಿ ಹೇಳಿದ್ದರಲ್ಲ, ರಬ್ಬರು ಮೆಲ್ಲಗೆ, ಸದಾ ಎಳೀತಾ ಇರಬೇಕು, ಎಳೆದ ಕಡೆ ಮೂಳೆ ಕರಗಿ ಹಲ್ಲಿಗೆ ದಾರಿ ಬಿಡತ್ತೆ, ಬಿಟ್ಟುಬಂದ ಜಾಗದಲ್ಲಿ ಹೊಸ ಮೂಳೆ ತುಂಬ್ಕೊಳ್ಳತ್ತೆ, ಎಳೆಯುವುದೆಲ್ಲ ತಲೆಯಲ್ಲಿ ಕೂತಿತು, ಮೆಲ್ಲಗೆ ಅನ್ನುವುದನ್ನು ಇದೇ ಬಾಗಿಲಲ್ಲಿ ಬಿಟ್ಟು ಹೋದೆನಲ್ಲ, ಬಲಗಡೆ ಹಲ್ಲಿನ ನಡುವಿನ ಸಂದು ಕೂಡುತ್ತಾ ಬಂತು, ಎಡಗಡೆಯದು ಹಾಗೇ ಉಳಿಯಿತು, ಇದ್ಯಾಕಜ್ಜಿ ಇಷ್ಟು ಸೋಮಾರಿ ಎಂದು ಹುಡುಗಿ ಕನ್ನಡಿ ಹಿಡಿದು ಸಪ್ಪಗಾದಳು, ರವಿಕೆಯ ಒಂದು ಮಗ್ಗುಲು ಜೋತರೆ ಕೈ ತಾನಾಗಿ ಅಲ್ಲಿಗೇ ಹೋಗುವಂತೆ ಎಡಗಡೆಗೆ ಇನ್ನೊಂದು ರಬ್ಬರು ಸಿಕ್ಕಿಸಲು ಹೋಯಿತು, ಈ ಕೈ ಎಂದಾದರೂ ಒಂದೆಳೆಯಲ್ಲಿ ಗುಂಡಿ ಹಾಕಿದ್ದುಂಟೇ, ಯಾವುದಕ್ಕೂ ಎರಡೆಳೆ, ಬಟ್ಟೆ ಹರಿದರೂ ಗುಂಡಿ ಬಿಡಬಾರದು — ಮಗು ಬಟ್ಟೆಯೇನೇ? ಆಮೇಲಾಮೇಲೆ ಮೆತ್ತಗಿನದ್ದನ್ನೇ ಕೇಳಿ ಕೇಳಿ ತಿಂದಳು, ನೋಯತ್ತೇನೇ ಅಂದರೆ, ಇಲ್ಲಜ್ಜಿ, ಒಂಚೂರು, ಒಂಚೂರಂತೆ!

ಎರಡು ಹಾಕಿದ್ದು ಯಾರು ಅನ್ನುತ್ತಿದ್ದಾರೆ ಡಾಕ್ಟರಮ್ಮ, ಹುಡುಗಿ ಬಾಯಲ್ಲಿ ಹತ್ತಿ ಇಟ್ಟುಕೊಂಡೇ, ನಾನೇ, ಬೇಗ ಆಗ್ಲಿ ಅಂತ, ಅನ್ನುತ್ತಿದ್ದಾಳೆ, ಕಳ್ಳಿ, ನನ್ನನ್ನು ಕಾಯುವುದಕ್ಕೆ ಹೊರಟಳಲ್ಲ, ಸುಳ್ಳಮ್ಮಾ ಅದು, ಇವಳ ಬೆರಳು ಅಲ್ಲಿಗೆ ಎಟುಕೋದೇ ಇಲ್ಲ, ಹಾಕಿದ್ದು ನಾನು, ಬೈಯೋದಾದ್ರೆ ನನ್ನ ಬೈಯಿರಿ, ಹಲ್ಲು ಉಳಿಯತ್ತಾ ಅದನ್ನ ಹೇಳಿ — ಉಳಿಯತ್ತೆ ಅಜ್ಜಿ, ಕೂತ್ಕೊಳ್ಳಿ, ಸದ್ಯ ಬೇಗ ಬಂದ್ರಿ, ಮೂಳೆ ಕರಗಿದಷ್ಟು ಬೇಗ ತುಂಬಲ್ಲ, ಅದಕ್ಕೇ ಮೆಲ್ಲಗೆ ಅಂದಿದ್ದು, ಎಡಗಡೆಗೆ ಈಗ ರಜ, ಬಲಗಡೆಗೆ ಒಂದೇ ಒಂದು, ಆಮೇಲೆ ಹುಡುಗಿಯ ಕಡೆ ತಿರುಗಿ, ಇನ್ಮೇಲೆ ನೀನೇ ಹಾಕ್ಕೋ ಪುಟ್ಟಾ, ಎಂದು ತುದಿಯಲ್ಲಿ ಕೊಕ್ಕೆಯಿರುವ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಕೊಡುತ್ತಿದ್ದಾರೆ, ಸರಿಯೇ, ನ್ಯಾಯವೇ, ಕೆಡಿಸಿದ ಕೈಗೆ ಮತ್ತೆ ಯಾರು ಕೆಲಸ ಕೊಡುತ್ತಾರೆ, ಅಜ್ಜಿ ಕೈಯನ್ನು ಸೆರಗಿನಡಿ ಎಳೆದುಕೊಂಡಳು, ಹುಡುಗಿ ಕಡ್ಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಥ್ಯಾಂಕ್ಸ್ ಡಾಕ್ಟರ್ ಎಂದು ಚೀಲಕ್ಕೆ ಹಾಕಿಕೊಂಡು, ಕುರ್ಚಿಯಿಂದಿಳಿದು, ಸ್ಟೂಲಿನ ಹತ್ತಿರ ಬಂದು, ಆ ಗಂಟುಬೆರಳನ್ನು ಸೆರಗಿನಿಂದ ಹೊರಗೆಳೆದು ಅದರ ತುದಿಗೆ ಒಂದು ರಬ್ಬರು ತೊಡಿಸಿ, ಒಂದೇ ಅಜ್ಜಿ, ಎಂದು ಮಂಡಿಯೂರಿ ಕೂತಳು, ಬೆರಳು ಬಲಗಡೆಯ ಕೊಕ್ಕೆಯತ್ತ ಹೋಗುತ್ತದೆ, ಡಾಕ್ಟರಮ್ಮ ನೋಡುತ್ತಿದ್ದಾರೆ, ಮೆಲ್ಲಗೆ, ಮೆಲ್ಲಗೆ, ಎದುರಿಗೆ ಬಿಟ್ಟ ಬಾಯಿ, ಮುಚ್ಚಿದ ಕಣ್ಣು —