ಎಲ್ಲರಿಗೂ ಹಸಿರು ಕಡ್ಡಿ

ಅಕ್ಕ ತಿರುಗಿ ನೋಡದೆ ಇದ್ದರೆ ಇವತ್ತೇ ಹೇಳಿಬಿಡುತ್ತೇನೆ ಎಂದು ದೋಣಿ ಹತ್ತುವಾಗ ನಿಶ್ಚಯಿಸಿಕೊಂಡೆ. ನೀರಿನೊಳಗೆ ಇರುವಷ್ಟು ಹೊತ್ತು ಅವಳು ಒಂದು ಸಲವೂ ತಲೆ ಹೊರಳಿಸಬಾರದು. ನಾನು ಹಿಂದೆ ಇದ್ದೇನೋ ಇಲ್ಲವೋ ಎಂದು ನೋಡಬಾರದು. ನೋಡಿದಳೋ, ಕೀಲಿಕೈ ಕಾಲುಚೀಲದೊಳಗೇ ಬಿದ್ದಿರಲಿ.

ಆ ಕಾಲುಚೀಲ ನನ್ನ ಬ್ಯಾಗಿನ ತಳದಲ್ಲಿತ್ತು. ಕೀಲಿಕೈ ಊರಿನ ಇನ್ನೊಂದು ತುದಿಯಲ್ಲಿ, ಚಪ್ಪಲಿ ರಿಪೇರಿ ಅಂಗಡಿಯ ಮೇಲಿರುವ ಕೋಣೆಯದು. ಒಂದು ಕಿಟಕಿ, ಒಂದು ನಲ್ಲಿ, ಹಿಂದಿನವರು ಗೋಡೆಗೆ ಹೊಡೆದು ಬಿಟ್ಟುಹೋದ ಮೊಳೆಗಳು. ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋಗಿ ಬರಿನೆಲದ ಮೇಲೆ ಸ್ವಲ್ಪ ಹೊತ್ತು ಕೂತು, ಮೊಳೆಗಳನ್ನು ನೋಡಿ, ಮನೆಗೆ ಬರುತ್ತಿದ್ದೆ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಅಕ್ಕನಿಗೆ ಹೇಳುತ್ತಿದ್ದೆ. ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಊರಿನವರ ಕಣ್ಣುಗಳೆಲ್ಲ ಒಂದೇ ವಾರದಲ್ಲಿ ಕೆಟ್ಟುಹೋದವೇನೋ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಊಟ ಮುಚ್ಚಿಟ್ಟು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು.

ಅಕ್ಕ ಈಜುಕೊಳದಲ್ಲಿ ಕಾವಲಿರುವವಳು. ಎತ್ತರದ ಕುರ್ಚಿಯ ಮೇಲೆ ಸೀಟಿ ಕಚ್ಚಿಕೊಂಡು ಕೂತು ದಿನವಿಡೀ ನೀರಿನಲ್ಲಿರುವ ಮಕ್ಕಳ ತಲೆ ಎಣಿಸುತ್ತಾಳೆ. ಎಣಿಕೆ ಸರಿಬಂದರೆ ಮತ್ತೆ ಮೊದಲಿಂದ ಎಣಿಸುತ್ತಾಳೆ. ಕುರ್ಚಿಯಿಂದ ಇಳಿದ ಮೇಲೂ ಅದು ನಿಲ್ಲುವುದಿಲ್ಲ. ನಾವಿಬ್ಬರೇ ರಸ್ತೆ ದಾಟುವಾಗಲೂ ಅವಳು ತಿರುಗಿ ನೋಡುತ್ತಾಳೆ, ತುಟಿ ಒಂದಿಷ್ಟು ಅಲುಗುತ್ತದೆ: ಒಂದು. ಆ ಒಂದು ನಾನು. ಅಮ್ಮ ಹೋದಾಗ ನಾನಿನ್ನೂ ಎರಡನೇ ಕ್ಲಾಸು, ಅವಳು ಕಾಲೇಜು. ಅವತ್ತಿನಿಂದ ಎಣಿಸುತ್ತಿದ್ದಾಳೆ.

ಗಾಳಿಯ ಸಿಲಿಂಡರು ಹೊತ್ತು ಸಮುದ್ರದಲ್ಲಿ ಮುಳುಗುವುದನ್ನು ಕಲಿಸುವ ಮಾಸ್ಟರು ಅವಳ ಕೊಳದಲ್ಲೇ ಪಾಠ ಮಾಡುತ್ತಿದ್ದರು. ಹಾಗಾಗಿ ಅವಳಿಗೆ ಬಿಟ್ಟಿ ಕಲಿಕೆ. ಕಲಿತುಕೋ, ಖುಷಿಯಾಗಿ ಹೋಗಿ ಬಾ ಎಂದೆ. "ನಿನ್ನೊಬ್ಬಳನ್ನೇ ಮನೇಲಿ ಬಿಟ್ಟು ನಾನು ಸಮುದ್ರಕ್ಕೆ ಹಾರಲಾ?" ಎಂದು ನನ್ನನ್ನೂ ಎಳೆದುಕೊಂಡು ಬಂದಳು. ಹೀಗೆ ನಾನೂ ಮೀನಾದೆ.

ರಾತ್ರಿ ಇಳಿಯುವುದು ನಮ್ಮಿಬ್ಬರಿಗೂ ಹೊಸದು. ಬಂದರಿನಿಂದ ಸ್ವಲ್ಪ ದೂರದಲ್ಲಿ, ಏನೂ ಬೆಳೆಯದ ಬರೀ ಮರಳಿನ ತಳದಲ್ಲಿ, ಹಳೆಯ ಸಿಟಿ ಬಸ್ಸುಗಳನ್ನು ಸಾಲಾಗಿ ಮುಳುಗಿಸಿದ್ದಾರೆ. ಎಂಜಿನ್ನು, ಗಾಜು, ಎಣ್ಣೆ ಎಲ್ಲ ತೆಗೆದು ಬರೀ ತಗಡಿನ ಗೂಡು, ಚಕ್ರಗಳು. ಹವಳ ಹಿಡಿಯಲಿ, ಮೀನು ನೆಲೆಸಲಿ ಎಂದು. ಶಾಲೆಗೆ ಹೋಗುವಾಗ ಅಕ್ಕ ನನ್ನ ಕಾಲರು ಹಿಡಿದು ನಿಲ್ಲುತ್ತಿದ್ದ ಬಸ್ಸೂ ಅದರಲ್ಲಿ ಒಂದಿರಬಹುದು.

ದೋಣಿಯಲ್ಲಿ ನಮ್ಮ ಜೊತೆ ಇನ್ನೊಂದು ಜೋಡಿ ಇತ್ತು: ಒಬ್ಬ ಹಲ್ಲಿನ ಡಾಕ್ಟರು, ಅವರ ಅಕ್ಕನ ಗಂಡ. ಭಾವ ಬ್ಯಾಂಕಿನಲ್ಲಿ ಕ್ಯಾಷಿಯರು. ಸಣಕಲು ಆಳು, ನನ್ನಕ್ಕನಷ್ಟೇ ಎತ್ತರ. ಡಾಕ್ಟರು ನನ್ನ ಹಾಗೆ ಕುಳ್ಳು, ಆದರೆ ಬಾಯಿ ಮಾತ್ರ ನಿಲ್ಲದು.

ಮಾಸ್ಟರು ಬಗ್ಗಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿಗಳನ್ನು ನಮ್ಮ ಸಿಲಿಂಡರುಗಳ ಕುತ್ತಿಗೆಗೆ ಕಟ್ಟುತ್ತಿದ್ದರು. "ಕೆಂಪು, ನೀಲಿ ಖಾಲಿ. ಇವತ್ತು ಎಲ್ಲರಿಗೂ ಹಸಿರೇ."

"ಹಾಗಾದ್ರೆ ಯಾರು ಯಾರು ಅಂತ ಹೇಗೆ ಗೊತ್ತಾಗುತ್ತೆ?" ಎಂದರು ಡಾಕ್ಟರು.

"ನಿಮ್ಮ ಜೋಡಿಯ ಬೆನ್ನು ಬಿಡಬೇಡಿ, ಗೊತ್ತಾಗುತ್ತೆ."

"ಇವರ ಬೆನ್ನಾ? ಏಡಿ ಕಂಡ್ರೆ ಇವರು ಹೆಂಡ್ತೀನೇ ಮರೀತಾರೆ. ನಮ್ಮಕ್ಕನ್ನ ಕೇಳಿ."

"ದಿನವಿಡೀ ಊರೋರ ಬಾಯಿ ತೆಗೆಸ್ತೀಯ," ಎಂದರು ಭಾವ. "ನಿನ್ನ ಬಾಯಿ ಮುಚ್ಚಿಸೋಕೆ ಸಮುದ್ರಕ್ಕೇ ಬರಬೇಕಾಯ್ತು ನೋಡು."

ಮಾಸ್ಟರು ಕೊನೆಯ ಸಲ ಸನ್ನೆಗಳನ್ನು ಹೇಳಿದರು. ಕತ್ತಲಲ್ಲಿ ಕೈ ಕಾಣುವುದಿಲ್ಲ, ಟಾರ್ಚೇ ಮಾತು. ಬೆಳಕನ್ನು ದುಂಡಗೆ ಸುತ್ತಿಸಿದರೆ, ಸರಿಯಿದ್ದೀನಿ. ಅತ್ತಿತ್ತ ಅಲ್ಲಾಡಿಸಿದರೆ, ಇಲ್ಲಿ ನೋಡು, ಏನೋ ತೊಂದರೆ. ಅಕ್ಕ ಆಗಲೇ ಟಾರ್ಚಿನಿಂದ ಹಲಗೆಯ ಮೇಲೆ ಸುತ್ತು ಬರೆದು ನೋಡುತ್ತಿದ್ದಳು. ಕೊಳದಲ್ಲಿ ಅಭ್ಯಾಸ ಮಾಡುವಾಗಲೂ ಅವಳು ಎರಡು ಸುತ್ತು ಬರೆಯುತ್ತಿದ್ದಳು. ಒಂದು ಅವಳಿಗೆ ಸಾಲುವುದಿಲ್ಲ.

ಆಮೇಲೆ ನನ್ನ ಪಟ್ಟಿಗಳನ್ನು ಎಳೆದೆಳೆದು ನೋಡಿದಳು. "ಉಸಿರು ತಗೋ. ಬಿಡು. ಇನ್ನೊಂದ್ಸಲ."

"ಅಕ್ಕ, ನಾನೇನು ಸಣ್ಣ ಮಗುವಾ?"

"ಸಣ್ಣ ಮಗು ಆಗಿದ್ರೆ ಹೇಳಿದ ಮಾತು ಕೇಳ್ತಿದ್ದೆ."

"ಇವತ್ತು ಹಿಂದೆ ತಿರುಗಿ ನೋಡಬೇಡ."

"ಯಾಕೆ?"

"ಸುಮ್ನೆ. ನಾನು ಬರ್ತಾ ಇರ್ತೀನಿ."

"ನೋಡದೆ ಹೇಗೆ ಗೊತ್ತಾಗ್ಬೇಕು ಮರಿ, ನೀನು ಬರ್ತಿದ್ದೀಯ ಅಂತ?"

ಮಾಸ್ಕು ಎಳೆದುಕೊಂಡೆ.

ರಾತ್ರಿಯ ನೀರಿಗೆ ತಳವಿಲ್ಲ, ಮೇಲಿಲ್ಲ. ಟಾರ್ಚು ಕೊರೆದಷ್ಟೇ ಜಗತ್ತು. ಲಂಗರಿನ ಹಗ್ಗ ಹಿಡಿದು ಒಬ್ಬೊಬ್ಬರಾಗಿ ಇಳಿದೆವು. ನನ್ನ ಉಸಿರು ನನ್ನ ಕಿವಿಯಲ್ಲೇ ಗರಗಸ ಎಳೆದಂತೆ ಕೇಳುತ್ತಿತ್ತು. ಮಾಸ್ಟರು ಹಗ್ಗದ ಬುಡದಲ್ಲಿ ಮಿಣುಕುವ ಬಿಳಿ ದೀಪ ಹಿಡಿದು ಕಂಬದಂತೆ ನಿಂತರು. ನಾವು ಬಸ್ಸುಗಳ ಸಾಲನ್ನು ಒಂದು ಸುತ್ತು ಹಾಕಿ ಅವರ ಬಳಿ ಮರಳಬೇಕು, ಅಷ್ಟೇ.

ಮೊದಲ ಬಸ್ಸು ಬೆಳಕಿಗೆ ಬಂದಿತು. ಬಾಗಿಲಿನ ಮೆಟ್ಟಿಲುಗಳಿಗೆ ಪಾಚಿ, ಹಿಡಿಕಂಬಿಗಳ ತುಂಬ ಚಿಪ್ಪು. ಅಲ್ಲಿಯವರೆಗೆ ಅಕ್ಕ ಎರಡು ಸಲ ತಿರುಗಿದ್ದಳು. ನನ್ನೊಡನೆ ನಾನೇ ಕಟ್ಟಿದ ಬಾಜಿ ಸೋತೆ ಎಂದುಕೊಂಡೆ. ತಕ್ಷಣ, ಇದು ಲೆಕ್ಕಕ್ಕಿಲ್ಲ, ಬಸ್ಸಿನಿಂದ ಶುರು ಎಂದು ನಿಯಮ ಬದಲಿಸಿದೆ. ಅಷ್ಟರಲ್ಲಿ ಡಾಕ್ಟರು ಗಾಬರಿಯಾಗಿ ಕಾಲು ಬಡಿದಿರಬೇಕು. ತಳದ ಹೂಳೆಲ್ಲ ಎದ್ದು ನಾಲ್ಕೂ ಟಾರ್ಚುಗಳು ಹಾಲಿನೊಳಗೆ ಬಿದ್ದಂತಾದವು. ಯಾರದೋ ಮೊಣಕೈ ನನ್ನ ಭುಜಕ್ಕೆ ತಾಗಿತು. ನೀರು ತಿಳಿಯಾದಾಗ ಮುಂದೆ ಒಂದು ಹಸಿರು ಕಡ್ಡಿ ತೇಲಿಹೋಗುತ್ತಿತ್ತು. ಅದರ ಹಿಂದೆ ಹೋದೆ.

ಅದು ತಿರುಗಲಿಲ್ಲ.

ಎರಡನೇ ಬಸ್ಸಿನ ಕಿಟಕಿಗಳ ಉದ್ದಕ್ಕೂ ಹೋದೆವು, ತಿರುಗಲಿಲ್ಲ. ಸಾಮಾನು ಇಡುವ ಕಂಬಿಗಳ ಮೇಲೆ ಒಂದು ಗಿಳಿಮೀನು ತಾನೇ ಉಗುಳಿಕೊಂಡ ಲೋಳೆಯ ಪರದೆಯೊಳಗೆ ನಿದ್ದೆಹೋಗಿತ್ತು, ಸೊಳ್ಳೆಪರದೆ ಕಟ್ಟಿಕೊಂಡ ಪ್ರಯಾಣಿಕನಂತೆ. ನಾನು ಅಲ್ಲಿ ಬೇಕೆಂದೇ ಹಿಂದುಳಿದೆ. ಆಗಲೂ ತಿರುಗಲಿಲ್ಲ. ಅಕ್ಕ ನನ್ನ ಮಾತು ಕೇಳಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ! ಎದೆಯಲ್ಲಿ ಏನೋ ಹಗುರಾಯಿತು, ನಗು ಬಂದು ಮಾಸ್ಕಿನೊಳಗೆ ನೀರು ನುಗ್ಗಿತು.

ಹಸಿರು ಕಡ್ಡಿ ಒಂದು ಚಕ್ರದ ಬಳಿ ನಿಂತಿತು. ಅಕ್ಕ ಬೋರಲು ಮಲಗಿ ಟೈರಿನ ತೂತಿಗೆ ಟಾರ್ಚು ಹಿಡಿದು ಏನನ್ನೋ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಎದ್ದು ಇನ್ನೊಂದು ತೂತಿಗೆ ಹೋದಳು. ಮಕ್ಕಳು ಬೀರುವಿನಡಿ ಗೋಲಿ ಹುಡುಕುವಂತೆ ಕತ್ತು ಓರೆಮಾಡಿ, ಬೆರಳಿನಿಂದ ಮರಳು ಕೆದಕಿ. ಅವಳಿಗೆ ಇಂಥದ್ದರಲ್ಲಿ ಆಸೆಯಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎಣಿಸದೆ ಇದ್ದಿದ್ದರೆ ಅವಳು ಇಂಥವಳಾಗಿರುತ್ತಿದ್ದಳೇನೋ. ನಾನು ಇಲ್ಲದಿದ್ದಿದ್ದರೆ. ಆ ಬೆನ್ನಿನ ಮೇಲೆ ನನಗೆ ಅಸಾಧ್ಯ ಪ್ರೀತಿ ಹುಟ್ಟಿತು. ಕೋಣೆಯ ವಿಷಯ ದೋಣಿ ಹತ್ತಿದ ಕೂಡಲೇ ಹೇಳಬಹುದು, ಅವಳು ಅಳುವುದಿಲ್ಲ, ಒಬ್ಬಳೇ ಹೀಗೆ ತೂತುಗಳನ್ನು ನೋಡಿಕೊಂಡು ಸುಖವಾಗಿರುತ್ತಾಳೆ.

ಕೊನೆಯ ಬಸ್ಸು ಬಂತು. ಇನ್ನೂ ತಿರುಗಿರಲಿಲ್ಲ.

ಏನೋ ತುರಿಸತೊಡಗಿತು. ಒಂದು ಸಲವೂ? ಹೇಳಿದೆ ನಿಜ, ಆದರೆ ಒಂದು ಸಲವೂ ಬೇಡವೇ? ನಾನೀಗ ಸಿಕ್ಕಿಹಾಕಿಕೊಂಡಿದ್ದರೆ? ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ನೋಡಿದೆ, ಬೇಕಾದಷ್ಟಿತ್ತು. ನನ್ನ ಬೆಳಕನ್ನು ಅವಳ ಮುಂದಿನ ಮರಳಿನ ಮೇಲೆ ಹಾಯಿಸಿದೆ, ಏನೋ ಆಕಸ್ಮಿಕವೆಂಬಂತೆ. ಅವಳು ಅದರಾಚೆಗೆ ಈಜಿಹೋದಳು. ಆಮೇಲೆ ನಾಚಿಕೆ ಬಿಟ್ಟು ಟಾರ್ಚನ್ನು ಅತ್ತಿತ್ತ ಅಲ್ಲಾಡಿಸಿದೆ. ಇಲ್ಲಿ ನೋಡು, ಏನೋ ತೊಂದರೆ. ತೊಂದರೆಯೇನೂ ಇರಲಿಲ್ಲ. ಮತ್ತೆ ಅಲ್ಲಾಡಿಸಿದೆ. ಹಸಿರು ಕಡ್ಡಿ ಇನ್ನೊಂದು ತೂತಿಗೆ ಬಗ್ಗಿತು.

ಹಗ್ಗದ ಬಳಿ ಬಂದಾಗ ಮಾಸ್ಟರು ದೀಪಗಳನ್ನು ಎಣಿಸಿದರು. ಎಣಿಕೆ ಸರಿಬಂದಿರಬೇಕು, ಮೇಲೆ ಹೋಗಿ ಎಂದು ದೀಪದ ಬೆಳಕಿನಲ್ಲಿ ಹೆಬ್ಬೆರಳು ತೋರಿಸಿದರು. ಅರ್ಧದಲ್ಲಿ ನಿಲ್ಲುವುದು ಕಡ್ಡಾಯ. ಹಗ್ಗ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನೇತಾಡಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತದೆ. ನಾನು ಅಕ್ಕನ ಕೈಯ ಕೆಳಗೆ ಹಗ್ಗ ಹಿಡಿದು ಟಾರ್ಚು ಎತ್ತಿದೆ.

ಆ ಕೈಗೆ ದಪ್ಪ ಗಡಿಯಾರವಿತ್ತು. ಮಣಿಕಟ್ಟಿನಲ್ಲಿ ಕಪ್ಪು ಕೂದಲು ನೀರಿಗೆ ಓಲಾಡುತ್ತಿತ್ತು.

ಬಹಳ ಹೊತ್ತು ಕೂದಲನ್ನೇ ನೋಡಿದೆ. ಆಮೇಲೆ ಕೆಳಗೆ ನೋಡಿದೆ. ಎರಡು ಬೆಳಕುಗಳು ಹಗ್ಗದಗುಂಟ ಬರುತ್ತಿದ್ದವು. ಒಂದು ನಡುಗುತ್ತಿತ್ತು. ಇನ್ನೊಂದು ಅದರ ಮುಂದೆ ದುಂಡಗೆ ಸುತ್ತಿತು, ಮತ್ತೊಮ್ಮೆ ಸುತ್ತಿತು. ಎರಡು ಸಲ. ನಡುಗುವ ಬೆಳಕು ಹೇಗೋ ಒಂದು ಸುತ್ತು ಹಾಕಿ ಉತ್ತರ ಕೊಟ್ಟಿತು. ಅಕ್ಕ ಆ ಇನ್ನೊಬ್ಬರ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಹಗ್ಗಕ್ಕೆ ಸುತ್ತಿ, ಮೇಲಿಂದ ತನ್ನ ಅಂಗೈ ಒತ್ತಿದಳು. ಚಿಕ್ಕಂದಿನಲ್ಲಿ ಬಸ್ಸಿನ ಕಂಬಿಯನ್ನು ನನ್ನ ಕೈಗೆ ಹಿಡಿಸುತ್ತಿದ್ದದ್ದು ಹೀಗೇ.

ಕೂಗಲು ಬಾಯಿಲ್ಲ, ಅಲ್ಲಾಡಲು ಅಪ್ಪಣೆಯಿಲ್ಲ. ನನಗಾಗಿ ಇಟ್ಟಿದ್ದೆಲ್ಲ ಬೇರೆಯವರ ತಟ್ಟೆಗೆ ಬೀಳುವುದನ್ನು ನೋಡುತ್ತ ಹಗ್ಗಕ್ಕೆ ಜೋತುಬಿದ್ದಿದ್ದೆ. ಬೇಡವೆಂದು ತಟ್ಟೆ ತಳ್ಳಿದವಳು ನಾನೇ.

ಭಾವನೂ ನಾನೂ ಮೊದಲು ದೋಣಿ ಹತ್ತಿದೆವು. ಏಣಿಯ ಕೆಳಗೆ ಕತ್ತಲಲ್ಲಿ ಅಕ್ಕನ ದನಿ: "ಹತ್ತು ಮರಿ, ಹತ್ತು. ಇವತ್ತು ಎಷ್ಟು ಜಾಣೆ ನೀನು, ಒಂದಿಷ್ಟೂ ಬೆನ್ನು ಬಿಡಲಿಲ್ಲ. ಕಾಲು ಮೇಲಿಡು." ಜೊತೆಗೆ ಹಿಂದಿನಿಂದ ದಬ್ಬಿದ ಸದ್ದು.

"ಹತ್ತುತ್ತಾ ಇದ್ದೀನಿ ಮೇಡಂ," ಎಂದಿತು ಗಂಡುದನಿ. "ಅಲ್ಲಿ ದಬ್ಬಬೇಡಿ."

ದೋಣಿಯವನು ನಕ್ಕು ಬಿದ್ದೇ ಹೋದ.

"ಭಾವ, ನೀವೇ ಅಂದ್ಕೊಂಡಿದ್ದೆ," ಡಾಕ್ಟರು ಚಳಿಗೆ ಹಲ್ಲು ಕಟಕಟಿಸುತ್ತ ಹೇಳುತ್ತಿದ್ದರು. "ಇದೇನಪ್ಪ ಇವತ್ತು ಇವರಿಗೆ ನನ್ನ ಮೇಲೆ ಇಷ್ಟು ಪ್ರೀತಿ ಅಂತ."

"ಕೈ ಹಿಡಿದಾಗ್ಲಾದ್ರೂ ಗೊತ್ತಾಗ್ಬಾರದಾ ನಿನಗೆ?"

"ಗ್ಲೌಸಿತ್ತಲ್ಲ. ಅಲ್ಲದೆ ಹೆದರಿದೋನಿಗೆ ಯಾವ ಕೈ ಆದ್ರೇನು ಭಾವ?"

ಮಾಸ್ಟರು ನಾಲ್ವರಿಗೂ ಸೇರಿಸಿ ಬೈದರು, ಕಡ್ಡಿಯ ಬಣ್ಣದ ಮಾತು ಬಂದಾಗ ಬೈಯುವುದನ್ನು ನಿಲ್ಲಿಸಿದರು. ಅಕ್ಕನ ಮಾಸ್ಕು ಇನ್ನೂ ಹಣೆಯ ಮೇಲೇ ಇತ್ತು. ನನ್ನ ಮುಖ ನೋಡಿದಳು, ಡಾಕ್ಟರ ಮುಖ ನೋಡಿದಳು, ಮತ್ತೆ ನನ್ನದು. ಆಮೇಲೆ ಟವೆಲು ತೆಗೆದು ನನ್ನ ತಲೆ ಒರೆಸತೊಡಗಿದಳು.

"ಎಣಿಸ್ತಾ ಇದ್ದೆ," ಎಂದಳು ಮೆಲ್ಲಗೆ. "ತಿರುಗಿದಾಗೆಲ್ಲ ಒಂದು ಇತ್ತು. ಬೇಡ ಅಂದಿದ್ದೆ ನೀನು, ಆದ್ರೂ ತಿರುಗಿದೆ. ಇತ್ತು. ನೀನಲ್ಲ ಅಂತ ನನಗೆ ಗೊತ್ತಾಗ್ಲೇ ಇಲ್ಲ ಮರಿ."

ನಿನಗೆ ಒಂದು ತಲೆ ಸಾಕು, ಯಾರದಾದರೂ ಸರಿ. ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದ್ದರೆ ಕೋಣೆಯ ಮಾತು ಸುಲಭವಾಗುತ್ತಿತ್ತು. ಆದರೆ ಬೇರೊಬ್ಬರ ಬೆನ್ನು ನೋಡಿ ಇವಳೇ ಎಂದು ಕರಗಿಹೋದವಳು ನಾನೂ ತಾನೆ?

"ನನಗೂ ಗೊತ್ತಾಗ್ಲಿಲ್ಲ," ಎಂದೆ. ಆಮೇಲೆ, ನಿಲ್ಲಿಸಿದರೆ ಮತ್ತೆ ಆಗುವುದಿಲ್ಲವೆಂದು ಒಂದೇ ಉಸಿರಿನಲ್ಲಿ, "ಅಕ್ಕ, ನಾನೊಂದು ರೂಮು ಹಿಡಿದಿದ್ದೀನಿ. ಬೇರೆ ಇರೋಕೆ."

ಟವೆಲು ನನ್ನ ತಲೆಯ ಮೇಲೆ ನಿಂತಿತು. ಎಂಜಿನ್ನಿನ ಸದ್ದು. ಆಚೆ ಡಾಕ್ಟರು ಇನ್ನೂ ಮಾತಾಡುತ್ತಲೇ ಇದ್ದರು.

"ಎಲ್ಲಿ?"

ಹೇಳಿದೆ.

"ಕಿಟಕಿ ಇದೆಯಾ?"

"ಒಂದಿದೆ."

"ಚಿಲಕ ಗಟ್ಟಿಯಿದೆಯಾ?"

"ಅಕ್ಕ."

"ಸರಿ, ಕೇಳಲ್ಲ." ಟವೆಲು ಮತ್ತೆ ಅಲ್ಲಾಡತೊಡಗಿತು. ತಲೆ ಯಾವಾಗಲೋ ಒಣಗಿತ್ತು.

ದೋಣಿ ಕಟ್ಟುವ ಜೆಟ್ಟಿಯಲ್ಲಿ ದೀಪ ಕೆಟ್ಟಿತ್ತು. ಅಕ್ಕ ಎರಡೂ ಬ್ಯಾಗು ಹೆಗಲಿಗೇರಿಸಿಕೊಂಡು, ಟಾರ್ಚು ಹಚ್ಚಿ ಮುಂದೆ ಹೊರಟಳು. ನಾನು ಹಿಂದೆ. ಒದ್ದೆ ಹಲಗೆಗಳು ಕಾಲಡಿ ಕಿರುಗುಟ್ಟುತ್ತಿದ್ದವು. ಅವಳು ತಿರುಗಲಿಲ್ಲ. ಈ ಸಲ ಅದು ಅವಳೇ. ಅವಳ ಕತ್ತಿನ ನರ ಬಿಗಿದು ನಿಂತದ್ದು ನನಗೆ ಕಾಣುತ್ತಿತ್ತು. ಜೆಟ್ಟಿಯ ನಡುವೆ ಒಂದು ಹಲಗೆ ಮುರಿದಿತ್ತು. ಅದನ್ನು ದಾಟಿದ ಮೇಲೆ ಅವಳ ಹೆಜ್ಜೆ ತಡವರಿಸಿತು, ತಲೆ ಇಷ್ಟೇ ಇಷ್ಟು ಓರೆಯಾಯಿತು, ಮತ್ತೆ ನೆಟ್ಟಗಾಯಿತು.

ನಾನು ದಾಟಿದೆ. ನನ್ನ ಟಾರ್ಚಿನಿಂದ ಅವಳ ಕಾಲಿನ ಮುಂದಿನ ಹಲಗೆಗಳ ಮೇಲೆ ಒಂದು ಸುತ್ತು ಬರೆದೆ. ಸರಿಯಿದ್ದೀನಿ. ಅವಳು ಅದನ್ನು ನೋಡುತ್ತ ನಿಂತಳು. ಇನ್ನೊಂದು ಬರೆದೆ.

ಅವಳ ಬೆಳಕು ನೆಲದ ಮೇಲೆ ಮೆಲ್ಲಗೆ ಅತ್ತಿತ್ತ ಅಲ್ಲಾಡಿತು.

ಓಡಿಹೋದೆ. "ಏನಾಯ್ತಕ್ಕ?"

"ಏನಿಲ್ಲ," ಎಂದಳು, ಮುಖ ಸಮುದ್ರದ ಕಡೆಗೆ. "ಎರಡು ಬ್ಯಾಗು ಭಾರ. ಒಂದನ್ನ ನೀನು ಹಿಡ್ಕೋ."

ಹೆಗಲಿನಿಂದ ಒಂದನ್ನು ಇಳಿಸಿ, ಕತ್ತಲಲ್ಲಿ ಪಟ್ಟಿ ತಡವಿ ಯಾವುದೆಂದು ಖಚಿತ ಮಾಡಿಕೊಂಡು ಕೊಟ್ಟಳು. ಅದು ನನ್ನ ಬ್ಯಾಗು.