ಮೋತಿಯ ತಲೆಯ ನೀರು

ರಹೀಮುನ್ನೀಸಾ ಐದು ತಿಂಗಳ ಬಸುರಿಯಾಗಿದ್ದಾಗ ಮೋತಿ ಅವಳ ಕೈ ಕಚ್ಚಿತು. ಮೋತಿ ಅಂದರೆ ಹರಿಹರದಲ್ಲಿ ಅವಳ ಗಂಡ ಮಕ್ತುಮ್ ಸಾಬ್ ನಡೆಸುತ್ತಿದ್ದ ಕಟ್ಟಿಗೆ ಅಡ್ಡೆಯ ಕಾವಲು ನಾಯಿ. ಅಡ್ಡೆಯ ಹಿಂದೆಯೇ ಮನೆ. ಹೊಸ್ತಿಲ ಒಳಗೆ ಬಿಟ್ಟುಕೊಳ್ಳದಿದ್ದರೂ ಅದಕ್ಕೆ ದಿನಾ ರೊಟ್ಟಿ ಹಾಕುವವಳು ಇವಳೇ. ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ಅದಕ್ಕೆ ಏನಾಯಿತೋ ಏನೋ, ಕತ್ತು ಒಂದು ಕಡೆ ವಾಲಿಸಿಕೊಂಡು ಗರಗರ ಸುತ್ತುವುದು, ಬಿದ್ದು ಕಾಲು ಬಡಿಯುವುದು ಶುರುವಾಯಿತು. ಪಾಪ ಅಂತ ಹತ್ತಿರ ಹೋದದ್ದೇ ತಪ್ಪಾಯಿತು.

ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವುದು ಊರಿಗೆಲ್ಲ ಗೊತ್ತು. ಹೊಟ್ಟೆಯಲ್ಲಿ ಕೂಸಿದೆ, ಸೂಜಿ ಎಲ್ಲಿ ಚುಚ್ಚುತ್ತಾರೆ ಎಂದು ಅವಳು ಅತ್ತು ರಂಪ ಮಾಡಿದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು, ಅಳದೆ ಇನ್ನೇನು ಮಾಡಿಯಾಳು? ಮಕ್ತುಮ್ ಸಾಬ್ ನಾಯಿಯ ಬಾಯಿಗೆ ಹಗ್ಗ ಬಿಗಿದು, ಟೆಂಪೋದಲ್ಲಿ ಹಾಕಿಕೊಂಡು ದಾವಣಗೆರೆಯ ದನದ ಆಸ್ಪತ್ರೆಗೆ ಒಯ್ದ.

ಸಂಜೆ ಬಂದವನ ಮುಖ ಅರಳಿತ್ತು. ಡಾಕ್ಟರ್ ಪಂಚಾಕ್ಷರಪ್ಪ ಮೋತಿಗೆ ಮತ್ತು ಬರಿಸಿ, ಕತ್ತಿನ ಹಿಂದಿನ ಕೂದಲು ಬೋಳಿಸಿ, ಉದ್ದನೆಯ ಸೂಜಿ ಇಳಿಸಿ ಮಿದುಳಿನ ಸುತ್ತಲಿನ ನೀರು ತೆಗೆದರಂತೆ. ಗಾಜಿನ ನಳಿಕೆಗೆ ತೊಟ್ಟುತೊಟ್ಟಾಗಿ ಬಿದ್ದ ಆ ನೀರನ್ನು ಬೆಳಕಿಗೆ ಹಿಡಿದು ಇವನಿಗೂ ತೋರಿಸಿದರಂತೆ. ಒಂದು ಚೂರೂ ರಾಡಿ ಇಲ್ಲ, ನಮ್ಮ ಹೊಳೆ ನೀರೂ ಅಷ್ಟು ತಿಳಿ ಇರುವುದಿಲ್ಲ, ಸೂಜಿಗೀಜಿ ಏನೂ ಬೇಕಿಲ್ಲ ಅಂದ. ನಾಯಿಯನ್ನು ಕೊಂಡಜ್ಜಿಯಲ್ಲಿ ಗೆಳೆಯ ಅಜ್ಜಪ್ಪನ ಹೊಲಕ್ಕೆ ಬಿಟ್ಟುಬಂದಿದ್ದನಂತೆ. ಅಂದು ರಹೀಮುನ್ನೀಸಾ ಹೊಟ್ಟೆ ತುಂಬ ಉಂಡು ಮಲಗಿದಳು.

ಎಂಟನೇ ತಿಂಗಳಲ್ಲಿ ಪಂಚಾಕ್ಷರಪ್ಪನವರು ಬಾಗಿಲ ಚೌಕಟ್ಟು ಕೊಳ್ಳಲು ಅಡ್ಡೆಗೆ ಬಂದರು. ಗಂಡ ಇರಲಿಲ್ಲವಾದ್ದರಿಂದ ಅವಳೇ ಚಹಾ ತಂದಿಟ್ಟಳು. ಅವರು ಅವಳ ಕೈಯ ಕಲೆ ನೋಡಿ, ಇಂಜೆಕ್ಷನ್ ಎಲ್ಲಾ ಮುಗಿದವೇ ಎಂದು ವಿಚಾರಿಸಿದರು. ಅವಳು ನಕ್ಕು, ನೀರು ತಿಳಿಯಾಗಿತ್ತಲ್ಲ, ಅದಕ್ಕೇ ಹಾಕಿಸಿಕೊಳ್ಳಲಿಲ್ಲ ಅಂದಳು. ಡಾಕ್ಟರು ಕಪ್ಪು ಕೆಳಗಿಟ್ಟರು.

“ತಿಳಿ ಇದ್ರೂ ಹುಚ್ಚು ಇರಬಹುದಮ್ಮಾ. ಬ್ಯಾರೆ ಕಾಯಿಲೆ ಐತೇನೋ ನೋಡಾಕ ಅದನ್ನ ತೆಗೆದಿದ್ದು. ಇವತ್ತೇ ಇಂಜೆಕ್ಷನ್ ಶುರು ಮಾಡ್ಸ್ರಿ ಅಂತ ಸಾಬ್ರಿಗೆ ಹೇಳಿದ್ದೆ. ನಾಯಿ ಮೂರನೇ ದಿನಕ್ಕೆ ಸತ್ತಿದ್ದು ಅಜ್ಜಪ್ಪ ಬಂದು ಹೇಳಿದ ಮ್ಯಾಲೆ ಸಾಬ್ರಿಗೆ ಇನ್ನೊಮ್ಮೆ ಹೇಳಿ ಕಳಿಸಿದ್ದೆ.”

ಮೋತಿ ಸತ್ತ ಸುದ್ದಿಯೇ ಅವಳಿಗೆ ಗೊತ್ತಿರಲಿಲ್ಲ. ರಾತ್ರಿ ಮಕ್ತುಮ್ ಸಾಬ್ ತಲೆ ತಗ್ಗಿಸಿ ಒಪ್ಪಿಕೊಂಡ. ಸೂಜಿಗೆ ಕೂಸು ಹೋದರೆ ಎಂಬ ಭಯವಂತೆ, ಅವಳು ಹೆದರಿಯಾಳೆಂಬ ಕಕ್ಕುಲಾತಿಯಂತೆ. ಇಂಥ ಕಕ್ಕುಲಾತಿಗಿಷ್ಟು ಬೆಂಕಿ ಹಾಕ. ಕೂಸನ್ನು ಉಳಿಸಿಕೊಳ್ಳಲು ತನ್ನನ್ನು ಪಣಕ್ಕಿಟ್ಟನಲ್ಲ ಎಂದು ಅವಳ ಕರುಳು ಉರಿಯಿತು.

ಆ ವಾರವೇ ತುಂಬಿದ ಹೊಟ್ಟೆಯಲ್ಲಿ ಸೂಜಿ ಶುರು ಮಾಡಿಸಿ ಹದಿನಾಲ್ಕನ್ನೂ ಹಾಕಿಸಿಕೊಂಡಳು. ಅಖ್ತರ್ ಬಾನು ಗುಂಡುಗುಂಡಾಗಿ ಹುಟ್ಟಿದಳು. ಆದರೆ ಸೂಜಿ ತಡವಾಗಿತ್ತು, ಈ ರೋಗ ಕೆಲವರಲ್ಲಿ ವರ್ಷಗಟ್ಟಲೆ ಅಡಗಿ ಕೂತಿರುತ್ತದೆ ಅನ್ನುವ ಮಾತೂ ಕಿವಿಗೆ ಬಿದ್ದಿತ್ತು. ನೀರು ಕಂಡರೆ ಹೆದರಿಕೆಯಾಗಿ, ಗಂಟಲಲ್ಲಿ ಇಳಿಯದಂತಾದರೆ ರೋಗ ಎದ್ದಂತೆ, ಅಲ್ಲಿಗೆ ಮುಗಿಯಿತು. ಅಂದಿನಿಂದ ಮಕ್ತುಮ್ ಸಾಬ್ ಬೆಳಿಗ್ಗೆ ತಾನೇ ಒಂದು ಲೋಟ ನೀರು ತಂದುಕೊಟ್ಟು, ಅದು ಇಳಿಯುವ ತನಕ ಅವಳ ಗಂಟಲನ್ನೇ ನೋಡುತ್ತಾ ನಿಲ್ಲುತ್ತಿದ್ದ. ಅವನು ನೋಡುವುದು ಅವಳಿಗೆ ಗೊತ್ತಿತ್ತು. ನೋಡಲಿ, ಸಾಯಲಿ ಅಂದುಕೊಳ್ಳುತ್ತಿದ್ದಳು.

ಮಗಳು ಓಡಾಡುವಂತಾದರೂ ಅವಳ ಸಿಟ್ಟು ಇಳಿಯಲಿಲ್ಲ. ಒಂದು ಬೆಳಿಗ್ಗೆ ಲೋಟವನ್ನು ಪಕ್ಕಕ್ಕೆ ತಳ್ಳಿದಳು.

“ಬ್ಯಾಡ. ನೀರು ಕಂಡ್ರೆ ಯಾಕೋ ಆಗವಲ್ದು ನಂಗ.”

ನೋಯಿಸಲೆಂದೇ ಆಡಿದ ಮಾತು. ಅವನ ಮುಖ ಬೂದಿ ಬಳಿದಂತಾಯಿತು. ಗೋಡೆಗೆ ಒರಗಿ ಹಾಗೇ ಕುಸಿದ. ಅಯ್ಯೋ, ಇಷ್ಟು ಬೇಕಿರಲಿಲ್ಲ ಅನ್ನಿಸಿ ಅವಳು ಲೋಟ ಕಿತ್ತುಕೊಂಡು ಗಟಗಟ ಕುಡಿದಳು. ನೀರು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಉಸಿರು ಸಿಗದಂತಾಯಿತು. ಮಕ್ತುಮ್ ಸಾಬ್ ಎದ್ದು ಬಂದು ಅವಳ ನೆತ್ತಿ ತಟ್ಟಿದ.

ನೆತ್ತಿಗೇರಿದರೆ ಯಾರೋ ನೆನೆಸಿಕೊಂಡರು ಅಂತ ನಗುವುದು ವಾಡಿಕೆ. ಅವನು ಬಾಯಿ ತೆರೆದವನು ಅರ್ಧಕ್ಕೇ ನಿಲ್ಲಿಸಿದ. ನೆನೆಸಿಕೊಂಡದ್ದು ಮೋತಿಯೇ ಎಂದು ಇಬ್ಬರಿಗೂ ಒಂದೇ ಸಲಕ್ಕೆ ಹೊಳೆದಿತ್ತು.

ಮರುದಿನ ಅವನು ಏಳುವ ಮೊದಲೇ ಅವಳು ಎದ್ದು, ಕೊಡ ಬಗ್ಗಿಸಿ, ಒಂದು ಗುಟುಕು ಕುಡಿದು, ಇಳಿಯುತ್ತದೆಯೇ ಎಂದು ನೋಡಿಕೊಂಡಳು.