ಅರಿಷಿಣವೇ ಇರಲಿ

ಅರಿಷಿಣವೇ ಇರಬೇಕು, ಇನ್ನೇನು, ನಿನ್ನೆ ಜವಳಗೇರಾದ ಮದುವೆಯಲ್ಲಿ ಕೂಸುಗಳೆಲ್ಲ ಅರಿಷಿಣದ ತಾಟಿಗೆ ಕೈ ಅದ್ದಿದ್ದವಲ್ಲ, ಇವಳೂ ಅದ್ದಿರಬೇಕು, ಅದ್ದಿದ್ದನ್ನು ಯಾರು ಕಂಡರು — ಬಸ್ಸಿನ ಕಿಟಕಿಯ ಬಿಸಿಲು ತೊಡೆಯ ಮೇಲೆ ಮಲಗಿದ್ದ ಮಗಳು ಮೌನೇಶ್ವರಿಯ ಅಂಗೈ ಮೇಲೆ ಬಿತ್ತು, ಸರಿಯಿತು, ಮತ್ತೆ ಬಿತ್ತು, ಹಳದಿ, ಅಮರೇಶ್ವರಿ ಮುಖ ತಿರುಗಿಸಿ ಹೊರಗೆ ನೋಡಿದಳು, ಹೊರಗೂ ಅದೇ, ಸಿಂಧನೂರು ದಾಟಿದಾಗಿನಿಂದ ಬರೀ ಕೊಯ್ಲಿಗೆ ಬಂದ ಭತ್ತ, ಕೊಯ್ದು ಬಿಟ್ಟ ಕೂಳೆ, ದೇವರಿಗೆ ಇಂದು ಬೇರೆ ಬಣ್ಣವೇ ಸಿಗಲಿಲ್ಲವೇನೋ, ಬೇಡ, ನಾಳೆಯ ಪಾಠ ನೆನೆಸಿಕೋ, ಲಿಂಗಸುಗೂರಿನ ಕಾಲೇಜು ಹುಡುಗರಿಗೆ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನ ಬಣ್ಣದ ಮಾತು ಹೇಳಬೇಕು, ನೀಲಿ ಕೊಡುವ ಗಿಡ ವಾಡ್, ಕೆಂಪು ಕೊಡುವ ಬೇರು ಮೆಡೆರೆ, ನಮ್ಮ ಮಂಜಿಷ್ಠದ ದಾಯಾದಿ, ಹಳದಿಗೆ ಯೆಯೊಲು, ಇನ್ನೊಂದಿದೆ ಫೆಯಲು, ಒಣಗಿದ ಎಲೆಯ ಹಳದಿ, ಬಾಡಿದ ಹುಲ್ಲಿನ ಹಳದಿ, ಜೀವ ಹೋಗುತ್ತಿರುವ — ಬಿಡ್ತು ಅನ್ನು, ಥೂ, ಎಲ್ಲಿಗೆ ಓಡಿದರೂ ಅಲ್ಲಿಗೇ ಬಂದು ನಿಲ್ಲುತ್ತೀಯಲ್ಲ.

ಪಕ್ಕದಲ್ಲಿ ಅತ್ತೆ ಯಂಕಮ್ಮ ಎಲೆ ಅಗಿಯುತ್ತ ಕೂತಿದ್ದಾಳೆ, ನೆಮ್ಮದಿಯಾಗಿ, ಮದವಿ ಮನ್ಯಾಗ ಕುಣಿದು ದಣದೈತಿ ಬೇ ಕೂಸು, ಇಂಗ್ಲಿಷ್ ಓದಿದಾಕಿ ಅರಿಷಿಣ ಕಂಡ್ರ ಅಂಜ್ತೀಯಲ್ಲ, ಅಂತಾಳೆ, ಆದರೆ ಕೂಸು ಕುಣಿಯಲೇ ಇಲ್ಲ ಅತ್ತಿ, ಹೋಳಿಗೆ ಒಲ್ಲೆ ಅಂತು, ತಿನ್ನಿಸಿದರೆ ಕಾರಿಕೊಂಡಿತು, ಹೊತ್ತಿಲ್ಲದ ಹೊತ್ತಲ್ಲಿ ನಿದ್ದೆ, ತಮ್ಮ ಪವನನೂ ಹೀಗೇ ಮಲಗಿದ್ದ, ಮಸ್ಕಿಯ ತವರು ಮನೆಯಲ್ಲಿ, ನೂಲಿಗೆ ಬಣ್ಣ ಹಾಕುವ ಮನೆ, ಅಂಗಳದ ಹಂಡೆಯಲ್ಲಿ ಮುತ್ತುಗದ ಹೂವು ಕುದಿಯುತ್ತಿತ್ತು, ಆ ಒಗರು ವಾಸನೆ ಈಗಲೂ ಮೂಗಿನಲ್ಲಿದೆ, ಅಪ್ಪನ ಕೈ ಹಳದಿ, ಅವ್ವನ ಕೈ ಹಳದಿ, ಹಂಡೆಯ ಕಾವಿಗೆ ಮಲಗಿದ ತಮ್ಮನ ಕೈ ಹಳದಿ, ಯಾರೋ ಹೇಳಿದರು, ಇವನ ಕೈ ನೋಡ್ರಿ ಅಂತ, ಅವ್ವ ನಕ್ಕಳು, ಬಣ್ಣದ ಮನ್ಯಾಗ ಹುಟ್ಟಿದ ಕೂಸಿನ ಕೈ ಬೆಳ್ಳಗ ಇರ್ತಾವೇನ್ರೀ, ಎಲ್ಲರೂ ನಕ್ಕರು, ಕಣ್ಣೂ ಹಳದಿಯಾಗಿದ್ದು ಕಂಡಾಗ ಕಾಮಣಿ ತಲೆಗೇರಿತ್ತು, ಕಾಮಣಿ, ಕಾಮಾಲೆ, ಹೇಳಿಯೇ ಬಿಟ್ಟೆಯಲ್ಲ ಬಾಯಿ ಸುಡಲಿ, ಮಣ್ಣಿಗೆ ಒಯ್ಯುವ ಮುಂಚೆ ಅವ್ವ ಸೀಗೆಪುಡಿ ಹಾಕಿ ಅವನ ಪುಟ್ಟ ಅಂಗೈ ತಿಕ್ಕಿದಳು, ತಿಕ್ಕಿದಳು, ಹೋಗಲಿಲ್ಲ, ಸಾಕು ಬಿಡಬೇ ಅಂದರೂ ತಿಕ್ಕಿದಳು. ಆಮೇಲೆ ಆ ಮನೆಯಲ್ಲಿ ಯಾರೂ ನೂಲನ್ನು ಹಳದಿಗೆ ಅದ್ದಲಿಲ್ಲ.

ರೆಪ್ಪೆ ಎತ್ತಿ ನೋಡಿದರೆ ಮುಗಿಯಿತು, ಕಣ್ಣು ಸುಳ್ಳು ಹೇಳುವುದಿಲ್ಲ, ಅದಕ್ಕೇ ಎತ್ತಲು ಕೈ ಬರುತ್ತಿಲ್ಲ, ಮಲಗಲಿ ಪಾಪ, ಆ ಕಾಲದ ಇಂಗ್ಲಿಷಿನವರು ಚಿನ್ನವನ್ನೂ ಕೆಂಪು ಅನ್ನುತ್ತಿದ್ದರು, ಹಿಂದಿನ ಬೆಂಚಿನ ಶಾಕೀರ್ ಎದ್ದು ನಿಂತು ಕೇಳಿದ್ದ, ಹಂಗಾರ ಅರಿಷಿಣಾನೂ ಕೆಂಪೇನ್ರೀ ಮೇಡಂ, ಕ್ಲಾಸೆಲ್ಲ ಗೊಳ್ಳೆಂದಿತ್ತು, ಅವಳೂ ನಕ್ಕು ಹೇಳಿದ್ದಳು, ಸುಣ್ಣ ಹಾಕಿದ್ರ ಕೆಂಪ ಆಗ್ತೈತಪಾ, ನಿಮ್ಮ ಮನ್ಯಾಗ ಕೇಳು — ಸುಣ್ಣ. ಆರತಿ ನೀರು ಕೆಂಪಾಗುವುದು ಹಾಗೆಯೇ, ಕುಂಕುಮ ಕೆಂಪಾಗುವುದು ಹಾಗೆಯೇ, ಅರಿಷಿಣವಾದರೆ ಸುಣ್ಣ ಮುಟ್ಟಿದ ಕೂಡಲೇ ಕೆಂಪಾಗಲೇಬೇಕು, ಅತ್ತಿ, ಒಂದೀಟು ಸುಣ್ಣ ಕೊಡ್ರಿ, ಯಾಕ ಬೇ, ನೀ ಯಾವಾಗಿಂದ ಎಲಿ ಹಾಕಾಕತ್ತಿ, ಕೊಡ್ರಿ ಅತ್ತಿ, ಯಂಕಮ್ಮ ಸಂಚಿಯಿಂದ ಡಬ್ಬಿ ತೆಗೆದಳು, ಮೊದಲು ತನಗೇ ನೋಡಬೇಕು, ಮದುಮಗಳಿಗೆ ಅರಿಷಿಣ ಹಚ್ಚಿದ ಈ ಬೆರಳು, ಸಾಬೂನಿಗೂ ಜಗ್ಗದ ಕಲೆ, ಸುಣ್ಣ ಸವರಿದಳು, ಕೆಂಪು, ಅಬ್ಬಾ ಎಂಥ ಕೆಂಪು, ಮುತ್ತೈದೆ ಹಣೆಯ ಕೆಂಪು, ಹೀಗೇ ಆಗು ನನ್ನವ್ವ, ಹೀಗೇ ಆಗು, ಮಗಳ ಮಡಚಿದ ಬೆರಳು ಬಿಡಿಸಿ ಅಂಗೈ ನಡುವೆ ಚೂರು ಇಟ್ಟು ಸವರಿದಳು, ಸುಣ್ಣ ಬೆಳ್ಳಗೆ ನಿಂತಿತು, ಬಸ್ಸಿನ ಧೂಳಿಗೆ ಒಣಗಿರಬೇಕು, ಉಗುಳು ಹಚ್ಚಿ ತೀಡಿದಳು, ತೀಡಿದಳು, ಸಾಕು ಬಿಡಬೇ ಎಂದು ಯಾರೋ ಅಂದರು, ಅತ್ತೆಯೋ, ಅಂದಿನ ಯಾರೋ, ಸೆರಗಿನಿಂದ ಒರೆಸಿದಳು, ಇವಳು ಅರಿಷಿಣದ ತಾಟು ಮುಟ್ಟಿರಲೇ ಇಲ್ಲ, ಅತ್ತೆ ಎಲೆ ಅಗಿಯುವುದು ನಿಂತಿದೆ, ಕಂಡಕ್ಟರು ಮಸ್ಕಿ ಮಸ್ಕಿ ಎಂದು ಕೂಗುತ್ತಿದ್ದಾನೆ, ಇಳಿಯಬೇಕು, ದವಾಖಾನೆ, ಓಡಬೇಕು, ಏಳು, ತನ್ನ ಕೆಂಪು ಬೆರಳು, ಅದರ ಕೆಳಗೆ ಪುಟ್ಟ ಅಂಗೈ, ಹಳದಿ, ತೀಡಿದರೂ ಹಳದಿ, ಪುಟ್ಟ ಅಂಗೈ, ಹಳದಿ.